ಗೂಟದ ಗಂಟು

ಆ ಗಂಟು ಹಾಕಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆ ಕೇಳಿದ ಮೇಲೆ ಸುಭಾಸನನ್ನು ಬೈಯಿರಿ, ಸಾವ್ಕಾರನನ್ನು ಬೈಯಿರಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ನನ್ನ ಮುಖಕ್ಕೆ ಉಗಿದು ಆಮೇಲೆ ಅವರ ಕಡೆ ಹೋಗಿ.

ನನ್ನ ಹೆಸರು ತಿರಕಪ್ಪ. ಸಂಶಿಯ ಆಚೆ ಕುರಿ ಕಾಯುವ ಮಂದಿ ನಾವು. ಅಪ್ಪನ ಕಾಲಕ್ಕೆ ನೂರಿಪ್ಪತ್ತು ಕುರಿ ಇದ್ದವು. ನನ್ನ ಕಾಲಕ್ಕೆ ಒಂದು ಕಂಬಳಿ, ಒಂದು ಕೋಲು ಉಳಿದವು. ಸಂಶಿಯಿಂದ ಕುಂದಗೋಳಕ್ಕೆ ಹೋಗುವ ರಸ್ತೆಯ ಬಾಜು ಸಾವ್ಕಾರ ಈರಪ್ಪನವರು ಮದುವೆಗೆ ಬಾಡಿಗೆ ಕೊಡಲು ಹುಲ್ಲಿನ ದೊಡ್ಡ ಅಂಗಳ ಮಾಡಿಸಿದರು. ಎಲ್ಲರೂ ಅದಕ್ಕೆ ಲಾನ್ ಎನ್ನುತ್ತಾರೆ. ಎರೆ ಹೊಲದ ಮೇಲೆ ಕಲಘಟಗಿ ಕಡೆಯ ಕೆಂಪು ಮಣ್ಣು ಹೊಡೆಸಿ, ಅದರ ಮೇಲೆ ಚಾಪೆ ಸುತ್ತಿದಂತೆ ಸುತ್ತಿ ತಂದ ಹುಲ್ಲು ಹಾಸಿದರು. ಮೂರು ಎಕರೆ. ನಾನು ಅಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದೆ.

ಕುರಿ ಕಾಯುವವನಿಗೆ ಎಂಥ ಕೆಲಸ ನೋಡಿ. ಆ ಹುಲ್ಲನ್ನು ಕುರಿ ಮೇಯುವಂತಿಲ್ಲ, ಔಷಧ ಹೊಡೆದಿರುತ್ತಾರೆ. ಕತ್ತರಿಸಿದ್ದೆಲ್ಲ ಗುಂಡಿಗೆ ಹೋಗುತ್ತದೆ. ಕತ್ತರಿಸುವ ನಾವು ಅದರ ಮೇಲೆ ಕೂಡುವಂತಿಲ್ಲ. ಜನರೇಟರಿನ ಹಿಂದೆ ಕುಳಿತು ರೊಟ್ಟಿ ತಿನ್ನಬೇಕು. ಒಂದು ದಿನ ನನ್ನ ಹೆಂಡತಿ ಮೈಲಾರವ್ವ ಬಿಸಿಲಿಗೆ ತಲೆ ತಿರುಗಿ ಹುಲ್ಲಿನ ಮೇಲೆ ಕುಸಿದಳು. ಸುಭಾಸ ಬಂದು, "ಏಳ ಬೇ, ಗ್ವಾಡಿ ಬಾಜು ಹೋಗಿ ಕೂಡು. ಹುಲ್ಲು ಹಾಳಾಗತೈತಿ" ಎಂದ. ನಾನು ಅಲ್ಲೇ ಇದ್ದೆ. ಆಕೆಯನ್ನು ಎಬ್ಬಿಸಿಕೊಂಡು ಗೋಡೆಯ ಕಡೆ ಹೋದೆ. ನಾನು ಮಾಡಿದ್ದು ಅಷ್ಟೇ.

ಸುಭಾಸ ಸಾವ್ಕಾರರ ತಂಗಿಯ ಮಗ. ಲಾನಿನ ಕಾರಭಾರವೆಲ್ಲ ಅವನದು. ನನಗಿಂತ ಹದಿನೈದು ವರ್ಷ ಸಣ್ಣವನು. ನಾನು ಅವನಿಗೆ ರಿ ಹಚ್ಚುತ್ತೇನೆ, ಅವನು ನನಗೆ ಲೇ ಅನ್ನುತ್ತಾನೆ. ನಮಗೆ ಲಾನಿನ ಹಿಂದೆ ತಗಡು ಹೊದಿಸಿದ ಒಂದು ಖೋಲಿ ಕೊಟ್ಟಿದ್ದರು. ಮೈಲಾರವ್ವ ಮದುವೆಯ ಅಡುಗೆಯ ಭಾಂಡೆ ತಿಕ್ಕುತ್ತಿದ್ದಳು. ಹುಲ್ಲಿನ ಕೆಲಸಕ್ಕೆ ನನ್ನ ಜೊತೆ ಶರೀಫಾಬಿ ಇದ್ದಳು.

ಶರೀಫಾಬಿಯ ತವರು ನವಲಗುಂದ. ಜಮಖಾನ ನೇಯುವ ಮನೆತನ. ಮದುವೆಯಾಗಿ ಸಂಶಿಗೆ ಬಂದಾಗ ಮಗ್ಗ ತವರಲ್ಲೇ ಉಳಿಯಿತು, ಕೈಯ ಹದ ಮಾತ್ರ ಜೊತೆಗೆ ಬಂತು. ಗಂಡ ತೀರಿಕೊಂಡ ಮೇಲೆ ಕೂಲಿಗೆ ಬಿದ್ದಳು. ಬುಟ್ಟಿ ಹಿಡಿದು ಮಷೀನಿನ ಮುಂದೆ ನಡೆದು ಕಲ್ಲು, ಪ್ಲಾಸ್ಟಿಕ್ ಕಪ್ಪು, ಹೂವಿನ ಅಲಂಕಾರದ ತಂತಿ, ಎಲ್ಲ ಆರಿಸುವುದು ಆಕೆಯ ಕೆಲಸ. ಬ್ಲೇಡಿಗೆ ಒಂದು ಹರಳು ಸಿಕ್ಕರೂ ಗುಂಡಿನಂತೆ ಸಿಡಿಯುತ್ತದೆ. ಮಷೀನಿನ ಪಕ್ಕಕ್ಕೆ ಹುಲ್ಲು ಹೊರಬೀಳುವ ಬಾಯಿ ಇದೆ. ಅದು ಕಟ್ಟಿಕೊಂಡರೆ ಬಿಡಿಸುವುದೂ ಆಕೆಯೇ. ಆಕೆಗೆ ಇದ್ದದ್ದು ಒಂದೇ ಆಸೆ.

"ಮನ್ಯಾಗ ಒಂದ ಮಗ್ಗಾ ಹಾಕೂದೈತಿ ಅಣ್ಣಾ. ತಬಸುಮ್‌ಗ ಕಲಸ್ತೀನಿ. ನನ್ನ ಬಟ್ಟಿಗೆ ಎಲ್ಲಾ ನೆನಪೈತಿ" ಎಂದು ಬೆರಳು ಆಡಿಸಿ ತೋರಿಸುತ್ತಿದ್ದಳು. ನಮ್ಮ ಕಡೆ ಬೆರಳಿಗೆ ಬಟ್ಟು ಅನ್ನುತ್ತೇವೆ. ತಬಸುಮ್ ಆಕೆಯ ಮಗಳು, ಕುಂದಗೋಳಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜು ಕಲಿಯುತ್ತಾಳೆ.

ಮಷೀನು ಹೊಸದಾಗಿ ಬಂದ ದಿನ ಹುಬ್ಬಳ್ಳಿಯಿಂದ ಕೃಷ್ಣಾ ಎನ್ನುವ ಮೆಕ್ಯಾನಿಕ್ ಬಂದಿದ್ದ. ಒಳ್ಳೆಯ ಹುಡುಗ. ಸುಭಾಸ ಫೋನಿನಲ್ಲಿ ಮಾತಾಡುತ್ತ ಗೇಟಿನ ಕಡೆ ಹೋದ. ಕೃಷ್ಣಾ ನಮ್ಮಿಬ್ಬರನ್ನೇ ನಿಲ್ಲಿಸಿಕೊಂಡು ಹೇಳಿದ.

"ನೋಡ್ರಿ ಅಣ್ಣಾರ, ಹಿಡಿಕಿ ಬಾಜು ಈ ಲಿವರ್ ಐತಲ್ಲ, ಇದನ್ನ ಹಿಡಿಕಿಗೆ ಒತ್ತಿ ಹಿಡದ್ರ ಮಷೀನ್ ನಡೀತೈತಿ. ಕೈ ಬಿಟ್ರ ನಿಂದರತೈತಿ. ನೀವು ಎಡವಿ ಬಿದ್ರೂ ನಿಂದರತೈತಿ, ಹಾವು ಕಂಡು ಓಡಿದ್ರೂ ನಿಂದರತೈತಿ. ಅಕ್ಕಾರ, ನೀವು ಬಾಯಾಗಿನ ಹುಲ್ಲು ತಗಿಯೂ ಮುಂದ ಮೊದಲ ಅಣ್ಣನ ಕೈ ನೋಡ್ರಿ. ಕೈ ಬಿಟ್ಟಾರಂದ್ರ ಐದ್ ಎಣಸ್ರಿ. ಅಷ್ಟರಾಗ ಬ್ಲೇಡ್ ನಿಂತಿರತೈತಿ. ಆಮ್ಯಾಲ ಕೈ ಹಾಕ್ರಿ."

"ಐದ್ ಸಾಕೇನಪಾ?"

"ಮೂರಕ್ಕ ನಿಂದರತೈತ್ರಿ. ನೀವು ಐದ್ ಎಣಸ್ರಿ."

ಅವನು ಮಷೀನು ಚಾಲೂ ಮಾಡಿ ಕೈ ಬಿಟ್ಟ. ಶರೀಫಾಬಿ ಗಟ್ಟಿಯಾಗಿ ಎಣಿಸಿದಳು. ಮೂರಕ್ಕೆ ಸದ್ದಡಗಿತು. ಆಕೆ ಐದರವರೆಗೂ ಎಣಿಸಿ ನಕ್ಕಳು. ಅವನು ಇನ್ನೂ ಹೇಳಿದ. ಬುಡಕ್ಕೆ ಕೈ ಹಾಕಬೇಕಾದರೆ ಪ್ಲಗ್ಗಿನ ಟೋಪಿ ಕಿತ್ತಿಡಿ. ಎಂಜಿನ್ ಬಿಸಿ ಇದ್ದಾಗ ಪೆಟ್ರೋಲು ಸುರಿಯಬೇಡಿ. ಹಸಿ ಹುಲ್ಲು ಕತ್ತರಿಸಬೇಡಿ, ಬಾಯಿ ಕಟ್ಟುತ್ತದೆ. ಚಪ್ಪಲಿಯಲ್ಲಿ ನಡೆಸಬೇಡಿ, ಬೂಟು ಕೇಳಿ.

ಎಲ್ಲವೂ ನನ್ನ ತಲೆಯಲ್ಲಿ ಉಳಿಯಿತು. ಹಾಗಾಗಿ ಗೊತ್ತಿರಲಿಲ್ಲ ಎನ್ನುವ ಮಾತು ನನಗೆ ಸಲ್ಲುವುದಿಲ್ಲ. ನನಗೆ ಗೊತ್ತಿತ್ತು.

ಬೂಟು ಕೇಳಿದೆ. "ಕುರಿ ಕಾಯೂ ಮುಂದ ಬೂಟ್ ಹಾಕ್ಕೊಂತಿದ್ಯೇನ್ಲೇ?" ಎಂದ ಸುಭಾಸ. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಹಲ್ಲು ಕಿಸಿಯುವುದು ನನಗೆ ಚೆನ್ನಾಗಿ ಬರುತ್ತದೆ.

ಮದುವೆಯ ಸುಗ್ಗಿ ಬಂತು. ವಾರಕ್ಕೆ ನಾಲ್ಕು ಮದುವೆ. ಕೆಂಪು ಮಣ್ಣಿನ ತುಂಬ ಗರಸು. ಹತ್ತು ಹೆಜ್ಜೆಗೊಮ್ಮೆ ಕೈ ಬಿಟ್ಟು ಹರಳು ತೆಗೆಯಬೇಕು, ಮಷೀನು ನಿಲ್ಲುತ್ತದೆ, ಮತ್ತೆ ಹಗ್ಗ ಎಳೆದು ಚಾಲೂ ಮಾಡಬೇಕು. ಸಂಜೆಗೆ ಬಲ ಹೆಗಲು ಎತ್ತಲು ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಶರೀಫಾಬಿ ತವರಿನಲ್ಲಿ ಅಣ್ಣನ ಮಗಳ ಮದುವೆಯೆಂದು ಆರು ದಿನ ರಜೆ ಹಾಕಿ ನವಲಗುಂದಕ್ಕೆ ಹೋದಳು. ಕಲ್ಲು ಆರಿಸುವವಳೂ ಇಲ್ಲ. ಕೆಲಸ ಹಿಂದೆ ಬಿತ್ತು.

"ಎಷ್ಟ ಸಲ ನಿಂದರಸ್ತೀಯಲೇ?" ಎಂದು ಸುಭಾಸ ಬಂದ. "ಆ ಲಿವರ್ ಕಟ್ಟಿಬಿಡು. ಕೈ ಬಿಟ್ರೂ ನಡೀತಿರ್ಲಿ."

"ಹಂಗ ಕಟ್ಟಬಾರದಂತ ಆ ಮೆಕ್ಯಾನಿಕ್..."

"ಮೆಕ್ಯಾನಿಕ್ ಬಂದು ಹುಲ್ಲು ಕೊಯ್ತಾನೇನು? ಕಟ್ಟಲೇ."

ತಾನೇ ತಂತಿ ಸುತ್ತಿ ನೋಡಿದ, ಜಾರಿತು. ಪ್ಲಾಸ್ಟಿಕ್ ಹಗ್ಗ ಕಟ್ಟಿದ, ಮಷೀನಿನ ನಡುಕಕ್ಕೆ ಸಡಿಲಾಯಿತು. ಅವನು ಮಷೀನಿಗೆ ಬೈಯುತ್ತ ನಿಂತಾಗ ನನಗೆ ಎಲ್ಲಿಲ್ಲದ ಉಮೇದು ಬಂತು. ಯಾರೂ ಕೇಳಿರಲಿಲ್ಲ. ನಾನೇ ಖೋಲಿಗೆ ಓಡಿ ಹೋಗಿ ಅಪ್ಪನ ಕಂಬಳಿಗೆ ಸುತ್ತಿಟ್ಟಿದ್ದ ಕರಿ ಉಣ್ಣೆಯ ಹುರಿ ತಂದೆ. ಲಿವರನ್ನು ಹಿಡಿಕೆಗೆ ಒತ್ತಿ ಗೂಟದ ಗಂಟು ಹಾಕಿದೆ.

ಗೂಟದ ಗಂಟು ಅಂದರೆ ಕುರಿ ತರುಬುವ ಬಲೆಯನ್ನು ಗೂಟಕ್ಕೆ ಬಿಗಿಯುವ ಗಂಟು. ಎಳೆದಷ್ಟೂ ಬಿಗಿಯುತ್ತದೆ. ತೋಳ ಬಂದು ಕುರಿಗಳೆಲ್ಲ ಒಂದೇ ಕಡೆ ನುಗ್ಗಿದರೂ ಬಿಚ್ಚುವುದಿಲ್ಲ. ಬಿಚ್ಚಬೇಕೆಂದರೆ ಕಡ್ಡಿಯ ಮೊನೆ ತೂರಿಸಿ ಹಿಂದಿನಿಂದ ಎಬ್ಬಿಸಬೇಕು. ನಮ್ಮವರನ್ನು ಬಿಟ್ಟರೆ ಈ ಗಂಟು ಯಾರಿಗೂ ಬರುವುದಿಲ್ಲ.

"ಅಗದಿ ಭಾರೀ ಹಾಕಿದ್ಯಲ್ಲೋ! ಶಾಬಾಸ್ ತಿರಕಪ್ಪಾ" ಎಂದ ಸುಭಾಸ.

ಮೂರು ವರ್ಷದಲ್ಲಿ ಅವನು ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ರೊಟ್ಟಿ ತಿನ್ನುವಾಗ ಹೆಂಡತಿಗೆ ಹೇಳಿ ಹಿಗ್ಗಿದೆ. ಆಕೆ ಕೇಳಿದಳು, "ಕಟ್ಟಿಡೂದಿದ್ರ ಅದನ್ನ ಯಾಕ ಇಟ್ಟಾರ ಮತ್ತ?" ನಾನು, "ನಿನಗ ಏನ್ ತಿಳೀತೈತಿ, ಭಾಂಡೆ ತಿಕ್ಕು ಹೋಗು" ಎಂದೆ. ಥೂ, ನನ್ನ ಬಾಯಿಗೆ ಹುಳ ಬೀಳಲಿ.

ಅಲ್ಲಿಂದ ಮಷೀನು ನಿಲ್ಲಿಸುವ ರೀತಿಯೇ ಬೇರೆಯಾಯಿತು. ಸಂಜೆ ಪೆಟ್ರೋಲಿನ ಕಾಕ್ ತಿರುಗಿಸಿ, ಅದು ತಾನಾಗಿ ಕೆಮ್ಮಿ ನಿಲ್ಲುವವರೆಗೆ ಕಾಯುತ್ತಿದ್ದೆ. ನಡುವೆ ನಿಲ್ಲಿಸುವ ಮಾತೇ ಇಲ್ಲ. ಕರಿ ಹಿಡಿಕೆಯ ಮೇಲೆ ಕರಿ ಹುರಿ, ಹತ್ತಿರ ಬಂದು ನೋಡಿದರೂ ಕಾಣುತ್ತಿರಲಿಲ್ಲ.

ಏಳನೆಯ ದಿನ ಶರೀಫಾಬಿ ನವಲಗುಂದದಿಂದ ನೇರ ಲಾನಿಗೆ ಬಂದಳು. ಬ್ಯಾಗು ಗೋಡೆಗಿಟ್ಟು ಬುಟ್ಟಿ ಎತ್ತಿಕೊಂಡಳು. ಉಗುರಿಗೆಲ್ಲ ಮೆಹಂದಿ. "ಬ್ಯಾಡಬ್ಯಾಡಂದ್ರೂ ಹುಡುಗ್ಯಾರು ಹಚ್ಚಿಬಿಟ್ರು ಅಣ್ಣಾ" ಎಂದು ನಾಚಿಕೊಂಡಳು. ಲಿವರ್ ಕಟ್ಟಿದ್ದನ್ನು ಆಕೆಗೆ ಹೇಳಬೇಕೆಂದುಕೊಂಡೆ. ಈ ಸಾಲು ಮುಗಿಯಲಿ, ಹೇಳೂಣು ಎಂದುಕೊಂಡೆ. ಆ ಸಾಲು ಮುಗಿಯಿತು, ಇನ್ನೊಂದು ಸಾಲು ಹಿಡಿದೆ. ಸುಭಾಸ ಗಡಿಯಾರ ನೋಡುತ್ತ ನಿಂತಿದ್ದ. ಹನ್ನೆರಡೂವರೆಗೆ ಅಕ್ಕಿಕಾಳು, ಅಂದರೆ ಮದುವೆಯ ಮುಹೂರ್ತ. ಹುಲ್ಲು ಹಸಿರಾಗಿ ಕಾಣಲೆಂದು ನಸುಕಿನಲ್ಲೇ ನೀರು ಬಿಡಿಸಿದ್ದ. ಹಸಿ ಹುಲ್ಲು ಬಾಯಿಗೆ ಮೆತ್ತಿಕೊಂಡಿತು.

"ತಿರಕಾ, ಬಾ ಇಲ್ಲೆ, ಕಮಾನು ಹಿಡಿ!" ಎಂದು ಸುಭಾಸ ಕೂಗಿದ. ಬಾಗಿಲಿನ ಹೂವಿನ ಕಮಾನು ವಾಲಿತ್ತು. ನಾನು ಮಷೀನು ಬಿಟ್ಟು ಓಡಿ ಹೋಗಿ ಅದಕ್ಕೆ ಹೆಗಲು ಕೊಟ್ಟೆ. ಹತ್ತು ಮಾರು ದೂರ. ಮಷೀನಿನ ಬಾಜುವೇ ಜನರೇಟರ್ ಗುಡುಗುತ್ತಿತ್ತು. ಮಷೀನಿನ ಸದ್ದು ಅದರಲ್ಲಿ ಮುಳುಗಿಹೋಗಿತ್ತು.

ಶರೀಫಾಬಿ ಮಷೀನಿನ ಬಾಯಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ತಲೆ ಎತ್ತಿ ನನ್ನ ಕಡೆ ನೋಡಿದಳು. ನನ್ನ ಎರಡೂ ಕೈ ಕಮಾನಿನ ಮೇಲಿದ್ದವು. ಆಕೆಯ ತುಟಿ ಅಲುಗಿದವು. ಏನೋ ಹೇಳುತ್ತಿದ್ದಾಳೆ ಅಂದುಕೊಂಡೆ. ಮತ್ತೆ ಅಲುಗಿದವು. ಮತ್ತೆ. ಆಕೆ ಎಣಿಸುತ್ತಿದ್ದಾಳೆ ಎಂದು ನನಗೆ ಹೊಳೆಯುವ ಹೊತ್ತಿಗೆ ಐದು ಆಗಿತ್ತು.

ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕಮಾನು ಬಿಟ್ಟು ಓಡಿದೆ. ಆಕೆ ಹಿಂದಕ್ಕೆ ಬಿದ್ದಿದ್ದಳು. ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಮಷೀನು ಹಾಗೆಯೇ ತಿರುಗುತ್ತಿತ್ತು. ಗಂಟು ಎಳೆದೆ, ಇನ್ನಷ್ಟು ಬಿಗಿಯಿತು. ಹಲ್ಲಿನಿಂದ ಕಚ್ಚಿದೆ. ನನ್ನ ಅಪ್ಪನ ಗಂಟು, ತೋಳಕ್ಕೂ ಬಿಚ್ಚದ ಗಂಟು, ನನಗೂ ಬಿಚ್ಚಲಿಲ್ಲ. ಕಡೆಗೆ ಪ್ಲಗ್ಗಿನ ಟೋಪಿ ಕಿತ್ತೆ. ಕರೆಂಟು ಮೊಣಕೈವರೆಗೆ ಝಾಡಿಸಿ ಒಗೆಯಿತು. ಮಷೀನು ನಿಂತಿತು.

ಮೂರು ಬೆರಳು. ಹೆಬ್ಬೆರಳು ಕಿರುಬೆರಳು ಬಿಟ್ಟು ನಡುವಿನ ಮೂರು.

ಸಾವ್ಕಾರರ ಕಾರಿಗೆ ಮದುಮಗನಿಗೆಂದು ಹೂವು ಕಟ್ಟಿದ್ದರು, ಅದು ಬರುವಂತಿರಲಿಲ್ಲ. ಕುರ್ಚಿ ತಂದಿದ್ದ ಟೆಂಪೋದಲ್ಲಿ ಆಕೆಯನ್ನು ಹಾಕಿಕೊಂಡು ಹುಬ್ಬಳ್ಳಿಯ ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ಆಕೆ ಮೈಲಾರವ್ವನ ತೊಡೆಯ ಮೇಲೆ ತಲೆಯಿಟ್ಟು ಒಂದೇ ಮಾತು ಹೇಳುತ್ತಿದ್ದಳು. "ಐದ್ ಎಣಿಸಿದ್ದೆ ಅಕ್ಕಾ. ಐದ್ ಎಣಿಸಿದ್ದೆ." ಅಲ್ಲಿ ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು. ಹುಲ್ಲಿನ ಮೇಲೆ ರಕ್ತ ಇದ್ದ ಕಡೆ ಕೆಂಪು ಜಮಖಾನ ಹಾಸಿದ್ದರಂತೆ. ಅದರ ಮೇಲೆ ಬೀಗರು ಕೂತಿದ್ದರಂತೆ.

ಹತ್ತನೆಯ ದಿನ ಹುಬ್ಬಳ್ಳಿಯಿಂದ ವಿಚಾರಣೆಗೆ ಕಾರ್ಮಿಕ ಇಲಾಖೆಯ ಸಾಹೇಬರು ಬರುವವರಿದ್ದರು. ಹಿಂದಿನ ಸಂಜೆ ಸುಭಾಸ ನನ್ನನ್ನು ಕರೆದ. ಮಷೀನಿಗೆ ವಿಭೂತಿ, ಕುಂಕುಮ ಬಳಿದಿದ್ದ. ನನ್ನ ಗಂಟಿಗೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಕಟ್ಟಿದ್ದ.

"ಇದು ದೃಷ್ಟಿ ದಾರ. ಅಮಾಸಿ ಪೂಜಾಕ್ಕ ನೀನ ಕಟ್ಟೀದಿ, ಯಾರೂ ಹೇಳಿಲ್ಲ. ನಿಮ್ಮ ಮಂದಿ ಎಲ್ಲಾದಕ್ಕೂ ಕಟ್ಟತೀರಲ್ಲ, ಸಾಹೇಬ್ರು ನಂಬತಾರ."

"ಹಂಗಂದ್ರ ಶರೀಫಾಬಿ..."

"ಆಕಿ ನಡಿಯೂ ಮಷೀನಿಗೆ ಕೈ ಹಾಕಿದ್ಲು. ಮುಗೀತು. ಖೋಲಿ ಬೇಕೋ ಬ್ಯಾಡೋ ನಿನಗ?"

ನಮ್ಮ ಮಂದಿ ಕಟ್ಟುತ್ತಾರೆ, ಅದು ಖರೆ. ಕರಿ ಉಣ್ಣೆಯ ದಾರ ಹೊಸೆದು ತೊಟ್ಟಿಲಿಗೆ, ಹೋರಿಯ ಕೊರಳಿಗೆ, ಟ್ರ್ಯಾಕ್ಟರಿಗೆ ಕಟ್ಟುವುದು ನಮ್ಮ ಪದ್ಧತಿ. ಅವಕ್ಕೆ ಕೆಟ್ಟ ಕಣ್ಣು ತಾಕದಿರಲಿ ಎಂದು ಕಟ್ಟುತ್ತೇವೆ. ನಮ್ಮವ್ವ ಊರಿನ ಅರ್ಧ ಕೂಸುಗಳಿಗೆ ಕಟ್ಟಿದ್ದಳು. ಸುಭಾಸನ ತೊಟ್ಟಿಲಿಗೆ ಕಟ್ಟಿದವಳೂ ಆಕೆಯೇ.

ಮರುದಿನ ಸಾಹೇಬರು ಮಷೀನು ನೋಡಿದರು. ನಿಂಬೆಹಣ್ಣನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿದರು. ಗಂಟಿನ ಎರಡೂ ಕಡೆ ಕತ್ತರಿಸಿ ಹುರಿಯನ್ನು ಒಂದು ಲಕೋಟೆಗೆ ಹಾಕಿದರು.

"ಇದನ್ನ ಯಾರ ಕಟ್ಟಿದ್ರು?"

"ನಾನ್ರಿ."

"ಯಾಕ?"

ಸುಭಾಸ ನನ್ನ ಬೆನ್ನ ಹಿಂದೆ ನಿಂತಿದ್ದ. ಶರೀಫಾಬಿ ಎದುರಿಗೆ ಬೆಂಚಿನ ಮೇಲೆ ಕೂತಿದ್ದಳು. ಕೈಗೆ ಬಿಳಿ ಪಟ್ಟಿ.

"ದೃಷ್ಟಿಗೆ ರಿ. ಅಮಾಸಿ ಪೂಜಾಕ್ಕ."

"ಯಾರರ ಕಟ್ಟಂದಿದ್ರೇನು?"

"ಇಲ್ರಿ. ನಮ್ಮ ಪದ್ಧತಿ ರಿ."

"ಈ ಮೂಢನಂಬಿಕಿ ನಿಮ್ಮನ್ನ ಯಾವಾಗ ಬಿಡತೈತೋ" ಎಂದು ಸಾಹೇಬರು ಬರೆದುಕೊಂಡರು. ನಾನು ತಲೆ ತಗ್ಗಿಸಿದೆ. ಸತ್ತು ಹೋದ ನಮ್ಮವ್ವನನ್ನೂ ತಂದು ಅಲ್ಲಿ ನಿಲ್ಲಿಸಿ ಬೈಸಿದಂತಾಯಿತು.

"ನಾ ಐದ್ ಎಣಿಸಿದ್ದೆರಿ ಸಾಹೇಬ್ರ" ಎಂದಳು ಶರೀಫಾಬಿ. "ಇವರು ಕೈ ಬಿಟ್ಟಿದ್ರು. ಐದ್ ಎಣಿಸಿ ಹಾಕಿದ್ದೆ."

"ನಡಿಯೂ ಮಷೀನಿಗೆ ಕೈ ಹಾಕಿ ಐದ್ ಎಣಿಸಿದ್ರ ಏನು, ಐವತ್ ಎಣಿಸಿದ್ರ ಏನ್ರಿ?" ಎಂದ ಸುಭಾಸ. ನಿಂತವರು ನಕ್ಕರು. ನಾನು ನಗಲಿಲ್ಲ. ನಗಲಿಲ್ಲ ಎಂದು ಹೇಳಿಕೊಳ್ಳುವುದಕ್ಕೂ ನನಗೆ ನಾಚಿಕೆ.

ಲಕೋಟೆ ಮೇಜಿನ ಮೇಲಿತ್ತು. ಶರೀಫಾಬಿ ಎಡಗೈಯಿಂದ ಅದರೊಳಗಿನ ಹುರಿ ಎಳೆದು ಗಂಟನ್ನು ಮುಟ್ಟಿ ನೋಡಿದಳು. ಹೆಬ್ಬೆರಳಿನಿಂದ ಒಮ್ಮೆ ತಿರುವಿದಳು. ನೂಲಿನ ಮನೆಯಲ್ಲಿ ಹುಟ್ಟಿದವಳು. ದೃಷ್ಟಿಗೆ ಕಟ್ಟುವ ಗಂಟು ಯಾವುದು, ಬಿಚ್ಚಬಾರದೆಂದು ಬಿಗಿಯುವ ಗಂಟು ಯಾವುದು ಎಂದು ಆಕೆಯ ಬೆರಳಿಗೆ ತಿಳಿಯಿತು. ನನ್ನ ಮುಖ ನೋಡಿದಳು. ಹುರಿಯನ್ನು ಮತ್ತೆ ಲಕೋಟೆಗೆ ಹಾಕಿದಳು. ಸಹಿ ಮಾಡಲು ಬರುವ ಹೆಂಗಸಿನ ಎಡ ಹೆಬ್ಬೆರಳು ಹಿಡಿದು ಕಾಗದಕ್ಕೆ ಒತ್ತಿಸಿದರು. ಅಲಕ್ಷ್ಯದಿಂದ ಚಾಲೂ ಮಷೀನಿಗೆ ಕೈ ಹಾಕಿದ್ದಾಳೆ ಎಂದು ಅದರಲ್ಲಿತ್ತು.

ಸಂಶಿಯ ತುಂಬ ಆಕೆಗೆ ಹೊಸ ಹೆಸರು ಬಂತು. ಐದೆಣಿಕಿ ಶರೀಫಾ. ಆಕೆ ಕಿರಾಣಿ ಅಂಗಡಿಗೆ ಹೋದರೆ ಕಟ್ಟೆಯ ಮೇಲೆ ಕೂತ ಮಂದಿ ಒಂದ, ಎರಡ, ಮೂರ ಎಂದು ಎಣಿಸುತ್ತಿದ್ದರು. ಐದಕ್ಕೆ ಹೋ ಎಂದು ನಗುತ್ತಿದ್ದರು. ಒಂದು ದಿನ ತಬಸುಮ್ ನಮ್ಮ ಖೋಲಿಗೆ ಬಂದಳು. ಒಳಗೆ ಬರಲಿಲ್ಲ.

"ಕಾಕಾ, ಬಸ್ಸಿನ್ಯಾಗ ನನಗೂ ಎಣಸ್ತಾರ್ರಿ. ಇರ್ಲಿ, ಅದ ಹೋಗ್ಲಿ. ಅಮ್ಮಿ ಖರೇನ ಐದ್ ಎಣಿಸಿದ್ಲೇನ್ರಿ? ಆಕಿಗೆ ಈಗ ಆಕಿ ಮ್ಯಾಲ ಭರೋಸಾ ಇಲ್ಲ. 'ನಾ ಎಣಿಸಿದ್ನೋ ಇಲ್ಲೋ' ಅಂತ ನನ್ನನ್ನ ಕೇಳತಾಳ. ನೀವು ನೋಡೀರೇನು?"

"ಇಲ್ಲವಾ. ನಾ ಕಮಾನು ಹಿಡದಿದ್ದೆ."

ಹುಡುಗಿ ಹೋದಳು. ಮೈಲಾರವ್ವ ಒಲೆಯ ಮುಂದೆ ಕೂತಿದ್ದವಳು ನನ್ನ ಕಡೆ ತಿರುಗಲೇ ಇಲ್ಲ. ಆ ದಿನದಿಂದ ಆಕೆ ನನ್ನ ಎದುರಿಗೆ ತಾಟು ಇಡುತ್ತಿದ್ದಳು, ಉಣ್ಣು ಎನ್ನುತ್ತಿರಲಿಲ್ಲ.

ಮಷೀನಿಗೆ ಹೊಸ ಬ್ಲೇಡು ಹಾಕಬೇಕಿತ್ತು. ಕೃಷ್ಣಾ ಹೇಳಿದ್ದಂತೆ ಎಲ್ಲ ಮಾಡಿದೆ. ಕಾಕ್ ಬಂದ್ ಮಾಡಿದೆ, ಪ್ಲಗ್ಗಿನ ಟೋಪಿ ಕಿತ್ತಿಟ್ಟೆ, ಗಾಳಿಯ ಡಬ್ಬಿ ಮೇಲೆ ಬರುವಂತೆ ಮಷೀನು ಮಗ್ಗುಲಿಗೆ ಹೊರಳಿಸಿದೆ. ಈಗ ಮಾಡಿದೆ, ಎಲ್ಲ ಆದ ಮೇಲೆ. ಕಟ್ಟಿಗೆಯ ತುಂಡಿನಿಂದ ಬುಡಕ್ಕೆ ಒಣಗಿ ಮೆತ್ತಿದ ಹುಲ್ಲು ಕೆರೆಯುತ್ತ ಹೋದೆ. ಹುಲ್ಲಿನ ಹೆಂಟೆಯ ಜೊತೆ ಒಂದು ಉಗುರು ಬಿತ್ತು. ಅದರ ಮೇಲೆ ಮೆಹಂದಿ ಇನ್ನೂ ಕೆಂಪಗಿತ್ತು.

ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋಗಿ ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆ. ಆಮೇಲೆ ಎದ್ದು ಹೊಸ ಬ್ಲೇಡು ಕೂಡಿಸಿ ಬೋಲ್ಟು ಬಿಗಿದೆ. ಹೌದು, ಬಿಗಿದೆ. ಅಲ್ಲಿಯೇ ಪಾನೆ ಒಗೆದು ಎದ್ದು ಹೋದೆ ಎಂದು ಹೇಳುವ ಆಸೆ ನನಗೂ ಇದೆ. ಆದರೆ ಹೋಗಲಿಲ್ಲ.

ಮರುದಿನ ಸಾವ್ಕಾರರ ಮಗಳು ರೋಹಿಣಿಯ ನಿಶ್ಚಯ. ಬೆಳಿಗ್ಗೆ ಅರ್ಧ ಲಾನ್ ಕತ್ತರಿಸಿ ಆಗಿತ್ತು. ಸುಭಾಸ ಬಂದ, ಕೈಯಲ್ಲಿ ಒಂದು ಹೊಸ ಹುರಿ.

"ಏ ತಿರಕಾ, ಹಿಂಗ ಕೊಯ್ದ್ರ ಸಂಜೀ ಆಗತೈತಿ. ಲಿವರ್ ಕಟ್ಟು. ನಿನ್ನ ಹೆಂಡತೀನ ಕರಿ, ಇವತ್ತಿಂದ ಶರೀಫಾನ ಕೆಲಸ ಆಕೀದು. ಈ ಸಲ ಕೆಂಪ ಹುರಿ ತಂದೀನಿ ನೋಡು, ಎದ್ದ ಕಾಣತೈತಿ."

ಮೈಲಾರವ್ವ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬುಟ್ಟಿ ತೆಗೆದುಕೊಂಡಳು. ಸುಭಾಸನ ಕಡೆ ನೋಡಲಿಲ್ಲ. ನನ್ನನ್ನೇ ಕೇಳಿದಳು.

"ಅದು ದೃಷ್ಟಿ ದಾರ ಅಲ್ಲಂತ ನನಗ ಅವತ್ತ ಗೊತ್ತಿತ್ತು. ನಮ್ಮಪ್ಪನೂ ಗೂಟಕ್ಕ ಇದ ಗಂಟ ಹಾಕತಿದ್ದ. ನೀನಾಗೇ ಹೇಳ್ತಿ ಅಂತ ಕಾದೆ. ಹೋಗ್ಲಿ. ಈಗ ಒಂದ ಮಾತ ಹೇಳು. ನೀ ಕೈ ಬಿಟ್ರ ಇದು ನಿಂದರತೈತೋ ಇಲ್ಲೋ? ನಿಂದರತೈತಿ ಅನ್ನು, ನಾ ಕೈ ಹಾಕತೀನಿ."

ಆಕೆಯ ಕೈ ನೋಡಿದೆ. ಬೂದಿಯಲ್ಲಿ ಭಾಂಡೆ ತಿಕ್ಕಿ ತಿಕ್ಕಿ ಸೀಳಿದ ಬೆರಳು. ಹತ್ತೂ ಇದ್ದವು. ಶರೀಫಾಬಿಯ ಕೈ ಹೋದಾಗ ನನಗೆ ಬುದ್ಧಿ ಬರಲಿಲ್ಲ. ನನ್ನ ಮನೆಯ ಕೈ ಮುಂದೆ ಬಂದಾಗ ಬಂತು. ಇದಕ್ಕಿಂತ ದೊಡ್ಡ ನಾಚಿಕೆ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಲಿವರಿನಿಂದ ಕೈ ತೆಗೆದೆ. ಮಷೀನು ನಿಂತಿತು.

"ಕಟ್ಟೂದಿಲ್ರಿ" ಎಂದೆ.

"ಏನಂದಿ?"

"ಕಟ್ಟೂದಿಲ್ಲಂದೆ."

"ಬಾಯಿ ಬಂತೇನ್ಲೇ ಕುರಿಕಾಯಾವ್ನ?"

"ಬಂತ್ರಿ. ಭಾಳ ತಡಾ ಆತು."

ಅವನು ನನ್ನ ಎದೆಗೆ ಕೈ ಹಚ್ಚಿ ನೂಕಿದ. ನಾನು ಹುಲ್ಲಿನ ಮೇಲೆ ಬಿದ್ದೆ. ಏಳಲಿಲ್ಲ. ಅಲ್ಲೇ ಕೂತೆ. ಮೈಲಾರವ್ವ ಬುಟ್ಟಿ ಕೆಳಗಿಟ್ಟು ಬಂದು ನನ್ನ ಬಾಜು ಕೂತಳು, ನಡು ಲಾನಿನಲ್ಲಿ, ಕಾಲು ಚಾಚಿ. "ಏಳ್ರಲೇ, ಹುಲ್ಲು ಹಾಳಾಗತೈತಿ" ಎಂದು ಅವನು ಒದರುತ್ತಲೇ ಇದ್ದ. ಮೂರು ವರ್ಷದಲ್ಲಿ ಆ ಹುಲ್ಲು ಎಷ್ಟು ಮೆತ್ತಗಿದೆ ಎಂದು ನಮಗೆ ಗೊತ್ತಿರಲಿಲ್ಲ. ಆಮೇಲೆ ಎದ್ದು ಹೋದೆವು. ಮಷೀನು ಅಲ್ಲೇ ನಿಂತಿತ್ತು, ಅರ್ಧ ಕತ್ತರಿಸಿದ, ಅರ್ಧ ಬೆಳೆದ ಹುಲ್ಲಿನ ನಡುವೆ. ಮಧ್ಯಾಹ್ನದೊಳಗೆ ನಮ್ಮ ಸಾಮಾನು ರಸ್ತೆಗೆ ಬಂದಿತ್ತು.

ಶರೀಫಾಬಿಯ ಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು ಎಲ್ಲ ಹೇಳಿದೆ. ಗಂಟು ಹಾಕಿದ್ದು, ಶಾಬಾಸ್ ಅನ್ನಿಸಿಕೊಂಡದ್ದು, ಆಕೆ ಎಣಿಸಿದ್ದನ್ನು ನೋಡಿಯೂ ನೋಡಿಲ್ಲ ಎಂದದ್ದು. ಆಕೆ ಕೇಳಿಸಿಕೊಂಡಳು. ತಬಸುಮ್‌ಳಿಗೆ, "ಬುರ್ಖಾ ತಗೊಂಬಾ. ಹುಬ್ಬಳ್ಳಿಗೆ ಹೋಗೂಣು" ಎಂದಳು. ಬಸ್ಸಿನಲ್ಲಿ ತಾಯಿ ಮಗಳು ಮುಂದೆ ಕೂತರು. ನಾನು ಹಿಂದೆ ನಿಂತೆ.

ಸಾಹೇಬರಿಗೆ ಸಿಟ್ಟು ಬಂತು. "ಕೇಸ್ ಮುಗಿಸಿ ಕಳಿಸಾಕತ್ತೀನಿ, ಈಗ ಬಂದ್ಯಾ?" ಎಂದರು. ಲಕೋಟೆ ತೆಗೆಸಿ ಎಂದು ಕೈ ಮುಗಿದೆ. ತೆಗೆದರು. ನನ್ನ ಹತ್ತಿರ ಇನ್ನೊಂದು ಕರಿ ಹುರಿ ಇತ್ತು. ಅವರ ಮೇಜಿನ ಕಾಲಿಗೆ ಎರಡು ಗಂಟು ಹಾಕಿದೆ.

"ಇದು ದೃಷ್ಟಿಗೆ ಕಟ್ಟೂದ್ರಿ. ಎಳೀರಿ."

ಎಳೆದರು. ಬಿಚ್ಚಿ ಕೈಗೆ ಬಂತು.

"ಇದು ಗೂಟದ ಗಂಟು ರಿ. ಎಳೀರಿ."

ಎಳೆದರು. ಬಿಗಿಯಿತು. ಮತ್ತೆ ಜೋರಾಗಿ ಎಳೆದರು. ಮೇಜು ಸರಿಯಿತು, ಗಂಟು ಬಿಚ್ಚಲಿಲ್ಲ. ಲಕೋಟೆಯೊಳಗಿನ ಗಂಟು ತೆಗೆದು ಬಾಜು ಹಿಡಿದು ನೋಡಿದರು.

"ಹಾಕಿದಾವ ನಾನ್ರಿ. ಹಾಕಿಸಿದಾವ ಸುಭಾಸ. ನಿಂಬಿಹಣ್ಣು ಆಮ್ಯಾಲ ಕಟ್ಟಿದ್ದು. ಈಕಿ ನನ್ನ ಕೈ ನೋಡಿ ಐದ್ ಎಣಿಸಿದ್ಲು. ತುಟಿ ಅಲುಗೂದು ನಾ ಕಣ್ಣಾರೆ ನೋಡೀನ್ರಿ. ಐದ್ ಆದಮ್ಯಾಲ ಕೈ ಹಾಕಿದ್ಲು. ಮಷೀನ್ ತಂದಾಂವ ಕಲಿಸಿದಂಗ ಮಾಡಿದಾಕಿ ಈಕಿ ಒಬ್ಬಾಕೀನ. ಅದನ್ನ ಬರೀರಿ."

"ಹಿಂಗ ಬರದ್ರ ನಿನ್ನ ಮ್ಯಾಲೂ ಕೇಸ್ ಆಗತೈತಿ. ತಿಳೀತೇನು?"

"ಆಗ್ಲಿರಿ. ನನ್ನ ಹೆಸರ ಮೊದಲ ಬರೀರಿ."

ಬರೆದರು. ಓದಿ ಹೇಳಿದರು. ಐದು ಎಣಿಸಿದ್ದಳು ಎನ್ನುವ ಮಾತು ಬಂದಾಗ ತಬಸುಮ್ ತಾಯಿಯ ತೋಳು ಹಿಡಿದಳು. ಸಾಹೇಬರು ಶಾಯಿಯ ಪ್ಯಾಡು ಮುಂದೆ ಸರಿಸಿದರು. ಶರೀಫಾಬಿ ಅದನ್ನು ಹಿಂದಕ್ಕೆ ಸರಿಸಿ ಪೆನ್ನು ಕೇಳಿದಳು. ಎಡಗೈಯಲ್ಲಿ ಹಿಡಿದು ತನ್ನ ಹೆಸರು ಬರೆಯತೊಡಗಿದಳು. ಒಂದೊಂದು ಅಕ್ಷರಕ್ಕೂ ನಿಲ್ಲುತ್ತಿದ್ದಳು. ಯಾರೂ ಅವಸರ ಮಾಡಲಿಲ್ಲ.

ಹೊರಗೆ ಬಂದೆವು. ಬಸ್ ಸ್ಟ್ಯಾಂಡಿನ ಹತ್ತಿರ ನಾನು ಕೈ ಮುಗಿದೆ.

"ತಂಗೀ, ತಪ್ಪಾತು."

ಸುಳ್ಳು ಯಾಕೆ ಹೇಳಲಿ, ಆಕೆ ಹೋಗಲಿ ಬಿಡಣ್ಣಾ ಅನ್ನುತ್ತಾಳೆ ಎಂದು ಕಾದಿದ್ದೆ. ಅಷ್ಟು ಸಾಕಿತ್ತು ನನಗೆ. ಆಕೆ ಮುಗಿದಿದ್ದ ನನ್ನ ಎರಡು ಕೈಗಳನ್ನು ನೋಡಿದಳು.

"ನಾ ಅವತ್ತ ಮಷೀನ್ ನೋಡಲೇ ಇಲ್ಲಣ್ಣಾ" ಎಂದಳು. "ನಿನ್ನ ಕೈ ನೋಡಿದ್ದೆ."

ಕುಂದಗೋಳದ ಬಸ್ಸು ಬಂತು. ತಾಯಿ ಮಗಳು ಹತ್ತಿದರು. ನಾನು ಹತ್ತಲಿಲ್ಲ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಅಲ್ಲೇ ನಿಂತೆ.